ಪ್ಲೇಫೇರ್ ಡಿಸ್‌ಪ್ಲೇ ಬ್ಲ್ಯಾಕ್: ದಪ್ಪ ಫಾಂಟಿನ ತೆಳು ಗೆರೆ ಕಾಪಾಡಿಕೊಳ್ಳುವುದು ಹೇಗೆ

ಫಾಂಟ್ ಪಟ್ಟಿ ಇಳಿಸುತ್ತಾ ಹೋದಾಗ ಪ್ಲೇಫೇರ್ ಡಿಸ್‌ಪ್ಲೇ ಬ್ಲ್ಯಾಕ್ ಕಂಡರೆ ಕೈ ತಾನಾಗಿ ಅಲ್ಲಿ ನಿಲ್ಲುತ್ತದೆ. ಕಪ್ಪಗೆ, ದಪ್ಪಗೆ, ಠೀವಿಯಿಂದ ಕೂತಿರುತ್ತದೆ. ಆರತಕ್ಷತೆ ಕಾರ್ಡು, ಕೆಫೆ ಮೆನು, ಪುಸ್ತಕದ ಮುಖಪುಟ, ಯೂಟ್ಯೂಬ್ ಥಂಬ್‌ನೇಲ್, ಎಲ್ಲ ಕಡೆ ಇದೇ. ಆದರೆ ಸ್ಕ್ರೀನಿನಲ್ಲಿ ಅಷ್ಟು ಚೆಂದ ಕಂಡದ್ದು ಅಚ್ಚಾಗಿ ಬಂದಾಗ ಅಕ್ಷರಗಳು ಅಲ್ಲಲ್ಲಿ ಮುರಿದಂತೆ, ಇಲ್ಲವೇ ಮಸಿ ಮೆತ್ತಿದಂತೆ ಕಾಣುವುದುಂಟು. ಕಾರಣ ಬಹುತೇಕ ಒಂದೇ. ನಾವು ದಪ್ಪ ಗೆರೆ ನೋಡಿ ಈ ಫಾಂಟ್ ಆರಿಸುತ್ತೇವೆ. ಅದು ಕೆಡುವುದು ತೆಳು ಗೆರೆಯಲ್ಲಿ.

ಇಲ್ಲಿ ಹೇಳುವ ಹೆಜ್ಜೆಗಳೆಲ್ಲ ಆ ತೆಳು ಗೆರೆಯನ್ನು ಉಳಿಸಿಕೊಳ್ಳುವ ದಾರಿಗಳು. ಉದಾಹರಣೆಗೆ ಪ್ಲೇಫೇರ್ ಡಿಸ್‌ಪ್ಲೇ ತೆಗೆದುಕೊಂಡಿದ್ದೇನೆ. ಅದು ಉಚಿತ, ಎಲ್ಲರ ಕೈಗೂ ಸಿಗುತ್ತದೆ. ಆದರೆ ಬೊಡೋನಿ, ಡಿಡೋ, ಅಬ್ರಿಲ್ ಫ್ಯಾಟ್‌ಫೇಸ್ ಬಳಸುವವರಿಗೂ ಇದೇ ಲೆಕ್ಕ.

1. ಮೊದಲು ಅಕ್ಷರವನ್ನು ದೊಡ್ಡದಾಗಿ ನೋಡಿ

ಇಂಗ್ಲಿಷಿನ ದೊಡ್ಡ ಓ, ದೊಡ್ಡ ಎನ್, ಸಣ್ಣ ಎ, ಈ ಮೂರನ್ನು 300 ಪಾಯಿಂಟಿನಲ್ಲಿ ಟೈಪ್ ಮಾಡಿ. ಓ ಅಕ್ಷರದ ಎಡ-ಬಲ ಬದಿಗಳು ದಪ್ಪ, ಮೇಲೆ-ಕೆಳಗೆ ಕೂದಲಿನಷ್ಟು ತೆಳು. ಎನ್‌ನಲ್ಲಿ ನೆಟ್ಟಗೆ ನಿಂತ ಎರಡು ಗೆರೆಗಳು ತೆಳು, ಅಡ್ಡ ಹಾಯುವ ಓರೆ ಗೆರೆ ಮಾತ್ರ ದಪ್ಪ. ಸಣ್ಣ ಎ ಅಕ್ಷರದ ಮೇಲ್ತುದಿ ಚೆಂಡಿನ ಹಾಗೆ ದುಂಡಗೆ ಮುಗಿಯುತ್ತದೆ. ಗೆರೆಗಳ ಕೊನೆಯಲ್ಲಿ ಚಾಚಿಕೊಂಡ ಪುಟ್ಟ ಪಾದಗಳೇ ಸೆರಿಫ್. ದಪ್ಪಕ್ಕೂ ತೆಳುವಿಗೂ ಇರುವ ಅಂತರವೇ ಕಾಂಟ್ರಾಸ್ಟ್.

ಈ ರೂಪ ಬಂದದ್ದು ಮೊನಚು ನಿಬ್ಬಿನ ಪೆನ್ನಿನಿಂದ. ಕೆಳಕ್ಕೆ ಎಳೆಯುವಾಗ ಒತ್ತಿದರೆ ನಿಬ್ಬು ಅಗಲವಾಗಿ ಗೆರೆ ದಪ್ಪಗಾಗುತ್ತದೆ, ಮೇಲಕ್ಕೆ ಹೋಗುವಾಗ ತೆಳ್ಳಗಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಅಚ್ಚಿನ ಕೆಲಸಕ್ಕೆ ಇಳಿಯುವ ಮೊದಲು ಕೈಬರಹ ಕಲಿಸುತ್ತಿದ್ದವನು. 1757ರಲ್ಲಿ ಅವನು ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚು ಮಾಡಿದ. ಅಕ್ಷರ ಕೊರೆಸಿದ್ದಷ್ಟೇ ಅವನ ಸಾಧನೆ ಅಲ್ಲ. ನುಣುಪಾದ ಕಾಗದ ಬಳಸಿದ, ಅಚ್ಚಾದ ಹಾಳೆಗಳನ್ನು ಬಿಸಿ ಲೋಹದ ತಗಡುಗಳ ನಡುವೆ ಒತ್ತಿಸಿದ, ಮಸಿಯನ್ನೂ ಇನ್ನಷ್ಟು ಕಪ್ಪಾಗುವಂತೆ ತಾನೇ ಸುಧಾರಿಸಿದ. ಅವನ ತೆಳು ಗೆರೆಗಳು ಒರಟು ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಕಾಗದ ಆರಿಸುವಾಗ ಬೇಕಾಗುತ್ತದೆ.

ಬಾಸ್ಕರ್‌ವಿಲ್ ಅಕ್ಷರ ಓದಿದರೆ ಕಣ್ಣು ನೋಯುತ್ತದೆ ಎಂಬ ದೂರು ಆಗಲೇ ಇತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1760ರಲ್ಲಿ ಅವನಿಗೆ ಬರೆದ ಪತ್ರದಲ್ಲಿ ಒಂದು ತಮಾಷೆ ಹೇಳಿದ್ದಾನೆ. ಹಾಗೆ ದೂರುತ್ತಿದ್ದ ಒಬ್ಬರ ಮುಂದೆ ಅವನು ಇನ್ನೊಬ್ಬ ಇಂಗ್ಲಿಷ್ ಅಚ್ಚುಮೊಳೆಗಾರ ಕ್ಯಾಸ್ಲಾನ್‌ನ ಅಕ್ಷರದ ಹಾಳೆ ಇಟ್ಟು, ಇದು ಬಾಸ್ಕರ್‌ವಿಲ್ ಎಂದನಂತೆ. ಅವರು ಒಂದೊಂದೇ ತಪ್ಪು ತೋರಿಸುತ್ತಾ, ಓದುತ್ತಿದ್ದರೆ ಕಣ್ಣು ನೋಯುತ್ತಿದೆ ಅಂದರಂತೆ! ಅಂದಹಾಗೆ ದೂರಿನಲ್ಲಿ ಸ್ವಲ್ಪ ನಿಜವೂ ಇದೆ. ಬಾಸ್ಕರ್‌ವಿಲ್ ಶುರು ಮಾಡಿದ್ದನ್ನು ಪ್ಯಾರಿಸ್ಸಿನ ಡಿಡೋ ಮನೆತನ, ಇಟಲಿಯ ಪಾರ್ಮಾದ ಜಾಂಬಾತಿಸ್ತಾ ಬೊಡೋನಿ ಕೊನೆಯ ಮಿತಿಗೆ ಒಯ್ದರು. 19ನೇ ಶತಮಾನದ ಶುರುವಿನಲ್ಲಿ ಲಂಡನ್ನಿನ ಅಚ್ಚುಮೊಳೆಯವರು ದಪ್ಪ ಗೆರೆಯನ್ನು ಇನ್ನೂ ಉಬ್ಬಿಸಿ ಫ್ಯಾಟ್ ಫೇಸ್ ಎಂಬ ಬಗೆಯನ್ನೇ ಹುಟ್ಟಿಸಿದರು. ಲಾಟರಿ ಚೀಟಿ, ಗೋಡೆಯ ಜಾಹೀರಾತುಗಳಿಗೆ ಅದು ಹೇಳಿಮಾಡಿಸಿದ ಹಾಗಿತ್ತು. ಅಂದರೆ ಈ ಅಕ್ಷರ ಮೊದಲಿಂದಲೂ ಕೂಗಿ ಕರೆಯಲು ಇದ್ದದ್ದು. ಕೂತು ಪುಟಗಟ್ಟಲೆ ಓದಲು ಅಲ್ಲ.

ಡೆನ್ಮಾರ್ಕಿನ ಕ್ಲೌಸ್ ಎಗ್ಗರ್ಸ್ ಸೊರೆನ್ಸನ್ 2011ರಲ್ಲಿ ಹೊರತಂದ ಪ್ಲೇಫೇರ್ ಡಿಸ್‌ಪ್ಲೇ ಇವುಗಳಲ್ಲಿ ಯಾವುದರ ನಕಲೂ ಅಲ್ಲ. ಬಾಸ್ಕರ್‌ವಿಲ್ ಕಾಲದ ಗುಣವನ್ನು ಸ್ಕ್ರೀನಿನ ಕಾಲಕ್ಕೆ ತಂದದ್ದು. ಸಣ್ಣಕ್ಷರಗಳ ಒಡಲು ಎತ್ತರ, ಕೆಳಕ್ಕೆ ಇಳಿಯುವ ಬಾಲಗಳು ಗಿಡ್ಡ. ಹಾಗಾಗಿ ಶೀರ್ಷಿಕೆಯ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು.

2. ಇದು ನಿಮ್ಮ ಕೆಲಸಕ್ಕೆ ಬೇಕೇ ಎಂದು ಕೇಳಿಕೊಳ್ಳಿ

ನಾಲ್ಕಾರು ಪದಗಳ ಶೀರ್ಷಿಕೆ, ಪತ್ರಿಕೆಯ ಮುಖಪುಟ, ಸಂಗೀತ ಕಛೇರಿಯ ಪೋಸ್ಟರ್, ವಧೂವರರ ಹೆಸರು, ಅತ್ತರು ಅಥವಾ ಚಾಕಲೇಟಿನ ಡಬ್ಬಿ: ಇಲ್ಲೆಲ್ಲ ಇದು ಗೆಲ್ಲುತ್ತದೆ. ಶ್ರೀಮಂತಿಕೆ, ಸ್ವಲ್ಪ ನಾಟಕೀಯತೆ ಬೇಕಾದ ಕಡೆ ಇದು ಸರಿ. ಫ್ಯಾಷನ್ ಪತ್ರಿಕೆಗಳು ಈ ಬಗೆಯ ಅಕ್ಷರವನ್ನು ಬಿಟ್ಟುಕೊಡದೆ ಇರುವುದಕ್ಕೂ ಅದೇ ಕಾರಣ.

ಪ್ಯಾರಾಗಟ್ಟಲೆ ಓದುವ ಬರಹ, ಆಸ್ಪತ್ರೆಯ ದಾರಿ ತೋರುವ ಫಲಕ, ಔಷಧಿ ಚೀಟಿ, ಮೊಬೈಲ್ ಆ್ಯಪಿನ ಬಟನ್, ಇಲ್ಲೆಲ್ಲ ಬೇಡ. ದೂರದಿಂದ ತೆಳು ಗೆರೆಗಳು ಮಾಯವಾಗಿ ಬರೀ ದಪ್ಪ ಕಂಬಗಳು ಉಳಿಯುತ್ತವೆ. ಎಂ, ಎನ್, ಯು, ಐ ಒಟ್ಟೊಟ್ಟಿಗೆ ಬಂದ ಇಂಗ್ಲಿಷ್ ಪದವಂತೂ ಬೇಲಿ ನೆಟ್ಟ ಹಾಗೆ ಕಾಣುತ್ತದೆ. ನಿಮ್ಮ ಶೀರ್ಷಿಕೆಯಲ್ಲಿ ಅಂಥ ಪದ ಇದ್ದರೆ ಮೊದಲೇ ಟೈಪ್ ಮಾಡಿ ನೋಡಿಬಿಡಿ.

3. ಸರಿಯಾದ ಫೈಲ್ ತನ್ನಿ, ಬಿ ಬಟನ್ ಒತ್ತಬೇಡಿ

ಗೂಗಲ್ ಫಾಂಟ್ಸ್‌ನಲ್ಲಿ ಪ್ಲೇಫೇರ್ ಡಿಸ್‌ಪ್ಲೇ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ವ್ಯಾಪಾರಿ ಕೆಲಸಕ್ಕೂ ಬಳಸಬಹುದು, ಫಾಂಟನ್ನೇ ಮಾರುವಂತಿಲ್ಲ ಅಷ್ಟೇ. ತೂಕ, ಅಂದರೆ ಅಕ್ಷರದ ದಪ್ಪದ ಮಟ್ಟ, 400ರಿಂದ 900ರವರೆಗೆ ಇದೆ. 900 ಎಂದರೆ ಬ್ಲ್ಯಾಕ್.

ತಪ್ಪಾಗುವುದು ಇಲ್ಲೇ. ರೆಗ್ಯುಲರ್ ಫೈಲ್ ಒಂದನ್ನೇ ಹಾಕಿಕೊಂಡು ವರ್ಡ್‌ನಲ್ಲಿ ಬಿ ಬಟನ್ ಒತ್ತಿದರೆ ಬರುವುದು ನಿಜವಾದ ಬೋಲ್ಡ್ ಅಲ್ಲ. ಸಾಫ್ಟ್‌ವೇರ್ ಅಕ್ಷರಕ್ಕೆ ಸುತ್ತಲೂ ಸುಮ್ನೆ ಮೈ ತುಂಬಿಸುತ್ತದೆ. ದಪ್ಪ ಗೆರೆಯ ಜೊತೆ ತೆಳು ಗೆರೆಯೂ ಊದುತ್ತದೆ, ಕಾಂಟ್ರಾಸ್ಟ್ ಹೋಗುತ್ತದೆ. ಅಬ್ರಿಲ್ ಫ್ಯಾಟ್‌ಫೇಸ್‌ಗೆ ಒಂದೇ ತೂಕ ಇರುವುದು. ಅದಕ್ಕೆ ಬಿ ಒತ್ತಿದರೆ ಇನ್ನೂ ಅನಾಹುತ. ಫಾಂಟ್ ಪಟ್ಟಿಯಲ್ಲಿ ಬ್ಲ್ಯಾಕ್ ಎಂಬ ಹೆಸರನ್ನೇ ಹುಡುಕಿ ಆರಿಸಿ.

ಮೈಕ್ರೋಸಾಫ್ಟ್ ಆಫೀಸ್ ಇರುವ ಕಂಪ್ಯೂಟರಿನಲ್ಲಿ ಎಲಿಫೆಂಟ್ ಎಂಬ ಫಾಂಟ್ ಇದ್ದರೆ ಅದನ್ನೂ ಒಮ್ಮೆ ತೆರೆದು ನೋಡಿ. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್‌ನ ಹಳೆಯ ಫ್ಯಾಟ್ ಫೇಸ್ ಆಧರಿಸಿ ಮ್ಯಾಥ್ಯೂ ಕಾರ್ಟರ್ ಮಾಡಿದ್ದು. ಹೆಸರಿಗೆ ತಕ್ಕ ಗಾತ್ರ!

4. ತೆಳು ಗೆರೆಯನ್ನು ಅಳೆಯಿರಿ

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ, ಯಾರೂ ಮಾಡದ ಹೆಜ್ಜೆ.

ಇಲಸ್ಟ್ರೇಟರ್ ಅಥವಾ ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ನಿಮ್ಮ ಶೀರ್ಷಿಕೆಯನ್ನು 100 ಪಾಯಿಂಟಿನಲ್ಲಿ ಟೈಪ್ ಮಾಡಿ, ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ. ಎಲ್ಲಕ್ಕಿಂತ ತೆಳುವಾದ ಗೆರೆ ಹುಡುಕಿ, ಅದರ ದಪ್ಪ ಅಳೆಯಿರಿ. 2 ಪಾಯಿಂಟ್ ಬಂತು ಅಂದುಕೊಳ್ಳೋಣ. ಅಂದರೆ ಅಕ್ಷರದ ಗಾತ್ರದ ನೂರಕ್ಕೆ ಎರಡು ಭಾಗ. ಅದೇ ಶೀರ್ಷಿಕೆ 50 ಪಾಯಿಂಟಿಗೆ ಇಳಿದರೆ ಗೆರೆ 1 ಪಾಯಿಂಟ್. 12 ಪಾಯಿಂಟಿಗೆ ಇಳಿದರೆ 0.24 ಪಾಯಿಂಟ್. ಒಂದು ಪಾಯಿಂಟ್ ಅಂದರೆ ಸುಮಾರು 0.35 ಮಿಲಿಮೀಟರ್, ಹಾಗಾಗಿ ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಆಫ್‌ಸೆಟ್ ಅಚ್ಚಿನಲ್ಲಿ ಬಿಳಿ ಕಾಗದದ ಮೇಲೆ ಕಪ್ಪು ಗೆರೆಗೆ ಸಾಮಾನ್ಯವಾಗಿ ಹೇಳುವ ಕನಿಷ್ಠ ಅಳತೆ 0.25 ಪಾಯಿಂಟ್. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಅಂದರೆ ಪ್ರೆಸ್ಸಿನವರು ರಿವರ್ಸ್ ಅನ್ನುವ ಬಗೆ ಆದರೆ, 0.5 ಪಾಯಿಂಟಿಗಿಂತ ಕೆಳಗೆ ಹೋಗಬೇಡಿ. ಸುತ್ತಲಿನ ಮಸಿ ಹರಡಿ ಬಿಳಿ ಗೆರೆಯನ್ನು ತಿಂದುಬಿಡುತ್ತದೆ. ಮೇಲಿನ ಲೆಕ್ಕದ ಪ್ರಕಾರ ರಿವರ್ಸ್‌ನಲ್ಲಿ 25 ಪಾಯಿಂಟಿಗಿಂತ ಚಿಕ್ಕ ಅಕ್ಷರ ಅಪಾಯ. ನಾನಾದರೆ 30ಕ್ಕೆ ನಿಲ್ಲಿಸುತ್ತೇನೆ.

ದೂರದಿಂದ ಓದುವ ಬ್ಯಾನರಿಗೆ ಬೇರೆ ಲೆಕ್ಕ. ಒಳ್ಳೆಯ ಕಣ್ಣು 10 ಮೀಟರ್ ದೂರದಿಂದ ಗುರುತಿಸಬಲ್ಲದ್ದು ಹೆಚ್ಚುಕಡಿಮೆ 3 ಮಿಲಿಮೀಟರಿನಷ್ಟು ಸೂಕ್ಷ್ಮ ವಿವರ. ನಿಮ್ಮ ತೆಳು ಗೆರೆ ಅಕ್ಷರದ ಎತ್ತರದ ಮೂವತ್ತನೇ ಒಂದು ಭಾಗ ಇದ್ದರೆ, ಅಕ್ಷರ ಕನಿಷ್ಠ 9 ಸೆಂಟಿಮೀಟರ್ ಎತ್ತರ ಬೇಕು. ಅದಕ್ಕಿಂತ ಚಿಕ್ಕದಾದರೆ ಗೆರೆ ಮಸುಕಾಗಿ ಅಕ್ಷರ ತುಂಡುತುಂಡಾಗಿ ಕಾಣುತ್ತದೆ.

ಗಾತ್ರ ಚಿಕ್ಕದೇ ಬೇಕು, ಆದರೂ ಇದೇ ಮುಖ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಡಿಸ್‌ಪ್ಲೇ ಎಂಬ ಬಾಲವಿಲ್ಲದ, ಬರೀ ಪ್ಲೇಫೇರ್ ಎಂಬ ಹೊಸ ಆವೃತ್ತಿಯೂ ಗೂಗಲ್ ಫಾಂಟ್ಸ್‌ನಲ್ಲಿದೆ. ಅದರಲ್ಲಿ ಆಪ್ಟಿಕಲ್ ಸೈಜ್ ಎಂಬ ಸೌಲಭ್ಯ ಉಂಟು. ಗಾತ್ರ ಇಳಿದ ಹಾಗೆ ತೆಳು ಗೆರೆ ತುಸು ದಪ್ಪವಾಗುತ್ತದೆ, ಏರಿದ ಹಾಗೆ ಸಪೂರವಾಗುತ್ತದೆ. ಬೊಡೋನಿ ಮೋಡಾ ಫಾಂಟಿನಲ್ಲೂ ಇದೇ ಏರ್ಪಾಡು. ಇದು ಹೊಸ ಉಪಾಯವೇನಲ್ಲ. ಲೋಹದ ಮೊಳೆಯ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಬೇರೆಯಾಗಿ ಅಕ್ಷರ ಕೊರೆಯುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಜೊನಾಥನ್ ಹೆಫ್ಲರ್ ಡಿಡೋ ಅಕ್ಷರ ರೂಪಿಸಿದಾಗಲೂ ಗಾತ್ರಕ್ಕೊಂದು ರೂಪ ಎಂದು ಏಳು ಬಗೆ ಮಾಡಿಕೊಟ್ಟರು.

5. ಅಂಕಿಗಳನ್ನು ಸರಿಮಾಡಿ

ಪ್ಲೇಫೇರ್ ಡಿಸ್‌ಪ್ಲೇಯಲ್ಲಿ 2025 ಅಂತ ಟೈಪ್ ಮಾಡಿದರೆ ಅಂಕಿಗಳು ಮೇಲೆ-ಕೆಳಗೆ ಕುಣಿಯುತ್ತವೆ. ಇದು ದೋಷ ಅಲ್ಲ, ಹಳೆಯ ಶೈಲಿ. ಸಣ್ಣಕ್ಷರಗಳ ನಡುವೆ ಚೆಂದ. ಆದರೆ ಮದುವೆ ತಾರೀಖು, ಫೋನ್ ನಂಬರ್, ಬೆಲೆ ಪಟ್ಟಿಯಲ್ಲಿ ಗಲಿಬಿಲಿ. ವರ್ಡ್‌ನಲ್ಲಿ ಫಾಂಟ್ ಪೆಟ್ಟಿಗೆಯ ಅಡ್ವಾನ್ಸ್ಡ್ ಭಾಗಕ್ಕೆ ಹೋಗಿ ನಂಬರ್ ಫಾರ್ಮ್ಸ್‌ನಲ್ಲಿ ಲೈನಿಂಗ್ ಆರಿಸಿ. ಇನ್‌ಡಿಸೈನ್‌ನಲ್ಲಿ ಓಪನ್‌ಟೈಪ್ ಮೆನುವಿನಲ್ಲಿ ಅದೇ ಹೆಸರಿದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಅಂಕಿಗಳಿಗೆ ಬೇರೆ ಫಾಂಟ್ ಹಾಕಿ. ರೂಪಾಯಿ ಚಿಹ್ನೆ ಕೂಡ ಟೈಪ್ ಮಾಡಿ ನೋಡಿ. ಅದು ಅಕ್ಕಪಕ್ಕದ ಅಂಕಿಗಳಿಗಿಂತ ಸಪೂರವಾಗಿ ಕಂಡರೆ ಬೇರೆ ಫಾಂಟಿನಿಂದ ಬಂದಿದೆ ಎಂದೇ ಅರ್ಥ.

6. ಅಂತರ

ದೊಡ್ಡ ಗಾತ್ರದಲ್ಲಿ ಅಕ್ಷರಗಳ ನಡುವಿನ ಜಾಗ ತುಸು ಕಡಿಮೆ ಮಾಡಿ, ಆದರೆ ಸೆರಿಫ್‌ಗಳು ಒಂದಕ್ಕೊಂದು ತಾಗದಿರಲಿ. ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದರೆ ಉಲ್ಟಾ, ಸ್ವಲ್ಪ ಬಿಡಿಸಿ. ವಿ ಮತ್ತು ಎ, ಟಿ ಮತ್ತು ಓ, ಎಲ್ ಮತ್ತು ಟಿ, ಈ ಜೋಡಿಗಳನ್ನು ಕಣ್ಣಿನಿಂದಲೇ ನೋಡಿ ಸರಿಪಡಿಸಿ. ವೈಷ್ಣವಿ, ವಾಣಿ ಅಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಎರಡು ಅಕ್ಷರದ ನಡುವೆ ಗುಂಡಿ ಬಿದ್ದ ಹಾಗಿದ್ದರೆ ಇಡೀ ಕಾರ್ಡೇ ಕೆಟ್ಟಂತೆ ಕಾಣುತ್ತದೆ. ಹೆಸರುಗಳ ನಡುವೆ ಹಾಕುವ ಆಂಪರ್ಸಂಡ್ (&) ಚಿಹ್ನೆಯನ್ನು ಇಟಾಲಿಕ್‌ನಿಂದ ತನ್ನಿ, ಅದರ ಸೊಗಸೇ ಬೇರೆ.

7. ಕನ್ನಡವನ್ನು ಪಕ್ಕದಲ್ಲಿ ಕೂರಿಸುವುದು

ನಮ್ಮ ಕೆಲಸ ಕಷ್ಟವಾಗುವುದು ಇಲ್ಲಿ. ಪ್ಲೇಫೇರ್ ಡಿಸ್‌ಪ್ಲೇಯೊಳಗೆ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡ ಟೈಪ್ ಮಾಡಿ ಆ ಹೆಸರು ಆರಿಸಿದರೂ ಕಂಪ್ಯೂಟರ್ ತನಗೆ ತೋಚಿದ ಫಾಂಟ್ ತಂದು ಹಾಕುತ್ತದೆ. ವಿಂಡೋಸ್‌ನಲ್ಲಾದರೆ ಸಾಮಾನ್ಯವಾಗಿ ತುಂಗಾ ಅಥವಾ ನಿರ್ಮಲಾ. ನಿಮ್ಮ ಕಂಪ್ಯೂಟರಿನಲ್ಲಿ ಒಂದು, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇನ್ನೊಂದು. ಹಾಗಾಗಿ ಕನ್ನಡದ ಫಾಂಟನ್ನು ನೀವೇ ಹೆಸರಿಟ್ಟು ಆರಿಸಿ. ವರ್ಡ್‌ನಲ್ಲಿ ಇದಕ್ಕೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಬೇರೆ ಜಾಗವೇ ಇದೆ. ಲಿಬ್ರೆ ಆಫೀಸ್‌ನಲ್ಲೂ ಹಾಗೇ ಬೇರೆ ಪೆಟ್ಟಿಗೆ ಇದೆ.

ನುಡಿ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಬರಹ ನಿಮಗೆ ಬಂದಿದ್ದರೆ ಇನ್ನೊಂದು ಎಚ್ಚರ. ಅದನ್ನು ಆಯ್ಕೆ ಮಾಡಿ ಪ್ಲೇಫೇರ್‌ಗೆ ಬದಲಿಸಿದ ಕೂಡಲೇ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯಾ ಎಂದು ಒಮ್ಮೆ ಓದಿ.

ಇನ್ನು ಯಾವ ಫಾಂಟ್? ಪ್ಲೇಫೇರ್‌ನ ಕನ್ನಡ ಅವಳಿ ಹುಡುಕುವ ಹಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ಈ ಅಕ್ಷರದ ಬಲವೆಲ್ಲ ನೆಟ್ಟಗೆ ನಿಂತ ಕಂಬಗಳಲ್ಲಿದೆ. ಕನ್ನಡದಲ್ಲಿ ಅಂಥ ಕಂಬಗಳೇ ಅಪರೂಪ, ಎಲ್ಲ ದುಂಡು, ಬಳುಕು. ಹಾಗಾಗಿ ರೂಪ ಹೊಂದಿಸುವ ಬದಲು ಕಪ್ಪಿನ ಪ್ರಮಾಣ ಹೊಂದಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣು ಅರೆಮುಚ್ಚಿ ನೋಡಿ. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಬೂದು ಕಂಡರೆ ಕನ್ನಡದ ತೂಕ ಏರಿಸಿ. ನೋಟೋ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ಬ್ಲ್ಯಾಕ್‌ವರೆಗೆ ಎಲ್ಲ ತೂಕವೂ ಇರುವುದರಿಂದ ಶೀರ್ಷಿಕೆಗೆ ಅನುಕೂಲ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡದ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ. ಪ್ಲೇಫೇರ್ ಮೆರೆಯುವಾಗ ಪಕ್ಕದಲ್ಲಿ ಶಾಂತವಾಗಿ ಕೂರುತ್ತದೆ. ಕೆಳಗಿನ ವಿವರಗಳಿಗೆ ತಿರೋ ಕನ್ನಡ ಚೆನ್ನಾಗಿದೆ, ಆದರೆ ಅದಕ್ಕೆ ಬೋಲ್ಡ್ ಇಲ್ಲ.

ಬೋಲ್ಡ್ ಇಲ್ಲದ ಕನ್ನಡ ಫಾಂಟಿಗೆ ಬಿ ಒತ್ತುವುದು, ಸುತ್ತ ಔಟ್‌ಲೈನ್ ಹಾಕಿ ದಪ್ಪ ಮಾಡುವುದು ಇಂಗ್ಲಿಷಿಗಿಂತ ಜಾಸ್ತಿ ಅಪಾಯ. ನಮ್ಮ ಹಲವು ಮಹಾಪ್ರಾಣಗಳ ಗುರುತು ಅಡಿಯಲ್ಲಿರುವ ಒಂದು ಪುಟ್ಟ ಸೀಳು. ಅದು ಮುಚ್ಚಿಕೊಂಡರೆ ಧ ಹೋಗಿ ದ ಆಗುತ್ತದೆ, ಭ ಹೋಗಿ ಬ ಆಗುತ್ತದೆ. ಧನಲಕ್ಷ್ಮಿ ಅನ್ನುವ ಹೆಸರಿನ ಅಂಗಡಿಗೆ ಇದು ಆಗಬಾರದು, ಅಲ್ವಾ?

ಸಾಲುಗಳ ಅಂತರವೂ ಎರಡು ಭಾಷೆಗೆ ಬೇರೆ ಬೇರೆ ಇಡಿ. ಪ್ಲೇಫೇರ್ ಶೀರ್ಷಿಕೆಯನ್ನು ಅಕ್ಷರ ಗಾತ್ರದಷ್ಟೇ ಅಥವಾ ಒಂಚೂರು ಜಾಸ್ತಿ ಅಂತರದಲ್ಲಿ ಕೂರಿಸಬಹುದು. ಕನ್ನಡಕ್ಕೆ ಅದೇ ಅಳತೆ ಕೊಟ್ಟರೆ ರಾಷ್ಟ್ರ, ಸ್ತ್ರೀ ಅಂಥ ಪದಗಳ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಒಂದೂವರೆ ಪಟ್ಟಿನ ಹತ್ತಿರ ಶುರು ಮಾಡಿ, ಆಮೇಲೆ ಇಳಿಸಿ.

ಒಂದು ಕೊಂಕು ಮಾತು. ಎಷ್ಟೋ ಪೋಸ್ಟರ್‌ಗಳಲ್ಲಿ ಇಂಗ್ಲಿಷ್ ಹೆಸರು ಅರ್ಧ ಹಾಳೆ ತುಂಬಿರುತ್ತದೆ, ಕನ್ನಡ ಕೆಳಗೆ ಮೂಲೆಯಲ್ಲಿ ಸಿಕ್ಕಿದ ಫಾಂಟಿನಲ್ಲಿ ಮುದುಡಿಕೊಂಡಿರುತ್ತದೆ. ಓದುವವರು ಕನ್ನಡದವರೇ ಆಗಿದ್ದರೆ ಕನ್ನಡವನ್ನೇ ದೊಡ್ಡದು ಮಾಡಿ. ಪ್ಲೇಫೇರ್ ಬ್ಲ್ಯಾಕ್ ಚಿಕ್ಕ ಜಾಗದಲ್ಲೂ ಗಮನ ಸೆಳೆಯುತ್ತದೆ, ಅದಕ್ಕೇನೂ ಬೇಜಾರಿಲ್ಲ.

8. ಬಣ್ಣ, ಕಾಗದ, ಯಂತ್ರ

ಅಕ್ಷರ ಕಪ್ಪಾಗಿದ್ದರೆ ನೂರಕ್ಕೆ ನೂರು ಕಪ್ಪು ಮಸಿ ಒಂದರಲ್ಲೇ ಅಚ್ಚಾಗಲಿ. ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಿನಲ್ಲಿ ಒಂದು ಬಣ್ಣ ಕೂದಲೆಳೆ ಸರಿದರೂ ತೆಳು ಗೆರೆಯ ಅಂಚು ಬಣ್ಣಬಣ್ಣವಾಗುತ್ತದೆ.

ಕಾಗದ ನುಣುಪಾಗಿರಲಿ. ಕೈಕಾಗದ, ನ್ಯೂಸ್‌ಪ್ರಿಂಟ್, ಒರಟು ಟೆಕ್ಸ್ಚರ್ ಕಾರ್ಡುಗಳಲ್ಲಿ ಮಸಿ ಹರಡುತ್ತದೆ ಅಥವಾ ಗೆರೆ ಕಡಿಯುತ್ತದೆ. ಚಿನ್ನದ ಫಾಯಿಲ್ ಹಾಕಿಸುವುದಾದರೆ ಹೆಸರುಗಳಷ್ಟಕ್ಕೇ ಹಾಕಿಸಿ, ಮಾಡುವವರನ್ನು ಅವರ ಕನಿಷ್ಠ ಗೆರೆ ಎಷ್ಟೆಂದು ಮೊದಲೇ ಕೇಳಿ. ಬಟ್ಟೆ ಚೀಲದ ಸ್ಕ್ರೀನ್ ಪ್ರಿಂಟಿಗೂ ಇದೇ ಪ್ರಶ್ನೆ. ಅಕ್ರಿಲಿಕ್ ಅಥವಾ ಲೋಹದಲ್ಲಿ ಅಕ್ಷರ ಕತ್ತರಿಸಿ ಬೋರ್ಡ್ ಮಾಡಿಸುವುದಾದರೆ ಈ ಫಾಂಟ್ ಬಿಟ್ಟುಬಿಡುವುದೇ ಕ್ಷೇಮ. ಅಲ್ಲಿ ತೆಳು ಗೆರೆ ಮಸುಕಾಗುವುದಿಲ್ಲ, ಕೈಗೇ ಮುರಿದು ಬರುತ್ತದೆ.

ಸ್ಕ್ರೀನಿಗೆ ಮಾಡುವಾಗ ಕೆಂಪಿನ ಮೇಲೆ ಹಳದಿ ಬೇಡ. ನಮ್ಮ ಲಗ್ನಪತ್ರಿಕೆಗಳಿಗೆ ಇಷ್ಟವಾದ ಜೋಡಿ ಅದು, ಗೊತ್ತು. ಆದರೆ ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಬಣ್ಣದ ವಿವರವೇ ಮೊದಲು ಹೋಗುವುದು. ಕೆಂಪಿನ ಮೇಲಿನ ತೆಳು ಹಳದಿ ಗೆರೆ ಕಲಸಿದ ಹಾಗಾಗುತ್ತದೆ. ಕಳಿಸಲೇಬೇಕಾದರೆ ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ.

9. ಪ್ರೂಫ್

ಪ್ರೆಸ್ಸಿಗೆ ಕೊಡುವ ಫೈಲಿನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಅಥವಾ ಪಿಡಿಎಫ್‌ನಲ್ಲಿ ಫಾಂಟ್ ಎಂಬೆಡ್ ಮಾಡಿ. ತಿದ್ದಬಹುದಾದ ಮೂಲ ಫೈಲ್ ನಿಮ್ಮ ಬಳಿ ಇರಲಿ. ಪ್ರೂಫನ್ನು ನಿಜವಾದ ಗಾತ್ರದಲ್ಲಿ, ನಿಜವಾದ ಕಾಗದದ ಮೇಲೆಯೇ ಕೇಳಿ. ಎ4 ಹಾಳೆಯಲ್ಲಿ ಕುಗ್ಗಿಸಿ ತೋರಿಸಿದ್ದು ಲೆಕ್ಕಕ್ಕಿಲ್ಲ. ಬಂದ ಮೇಲೆ ಶೀರ್ಷಿಕೆ ಓದುತ್ತಾ ಕೂರಬೇಡಿ. ಓ ಅಕ್ಷರದ ನೆತ್ತಿ, ಎನ್ ಅಕ್ಷರದ ಕಂಬ, ಇ ಅಕ್ಷರದ ನಡುವಿನ ಅಡ್ಡಗೆರೆ, ಇಷ್ಟು ನೋಡಿ. ಅವು ಕಡಿಯದೆ ಬಂದಿದ್ದರೆ ಉಳಿದದ್ದೂ ಬಂದಿರುತ್ತದೆ.

ಕಡಿದಿದ್ದರೆ ಮೊದಲು ಗಾತ್ರ ಏರಿಸಿ. ಜಾಗ ಇಲ್ಲದಿದ್ದರೆ ರಿವರ್ಸ್ ಬಿಟ್ಟು ಬಿಳಿಯ ಮೇಲೆ ಕಪ್ಪು ಮಾಡಿ. ಅದೂ ಸಾಲದಿದ್ದರೆ ಕಾಗದ ಬದಲಿಸಿ. ಬ್ಲ್ಯಾಕ್ ಬಿಟ್ಟು ಬೋಲ್ಡ್‌ಗೆ ಇಳಿದರೆ ಸರಿಹೋಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ತೂಕ ಬದಲಿಸಿದರೆ ಬದಲಾಗುವುದು ಮುಖ್ಯವಾಗಿ ದಪ್ಪ ಗೆರೆ, ಹಾಗಾಗಿ ಅದರಿಂದ ಉಪಯೋಗ ಕಡಿಮೆ. ಇದ್ಯಾವುದೂ ಆಗದಿದ್ದರೆ ರೋಬೋಟೋ ಸ್ಲ್ಯಾಬ್‌ನಂಥ ಗಟ್ಟಿ ಪಾದದ ಫಾಂಟಿಗೆ ಹೋಗಿ, ಇನ್ನೊಂದು ಪ್ರೂಫ್ ತೆಗೆಸಿ.